ಒರೆಸಿಹೋದ ಕರೆ

ಹವ್ಯಾಸಿ ರೇಡಿಯೊದ ಹಳೆಯ ಸಾಫ್ಟ್‌ವೇರ್ ಒಂದನ್ನು ಯಜಮಾನ ಹೊಸ ಕಂಪ್ಯೂಟರಿಗೆ ತಂದು ಕೂರಿಸಿದ. ಗರಗರ ಸದ್ದಿನೊಳಗೆ ಅಡಗಿ, ಗಿಡ್ಡ-ಉದ್ದ ನಾದಗಳಾಗಿ ಬರುವ ಮೋರ್ಸ್ ಸಂಕೇತದ ಕರೆಗಳನ್ನು ಹೆಕ್ಕಿ ಅಕ್ಷರ ಮಾಡುವುದು ಅದರ ಕಸುಬು. ಹೊಸ ಮನೆಯಲ್ಲಿ ಒಂಬತ್ತು ಸಂಜೆ ಕಳೆದವು; ಒಂದಕ್ಷರವೂ ಬರಲಿಲ್ಲ.

ಹತ್ತನೆಯ ಸಂಜೆ ಅದು ಪಕ್ಕದ ರೇಡಿಯೊವನ್ನು ಕೇಳಿತು: “ಅಣ್ಣಾ, ಈಗ ಯಾರೂ ಯಾರನ್ನೂ ಕರೆಯುವುದಿಲ್ಲವೇ?”

ರೇಡಿಯೊ ಸಿಡುಕಿತು: “ಕರೆಯದೆ ಏನು? ವರ್ಷಗಳಿಂದ ನಮ್ಮೊಡನೆ ಮೋರ್ಸ್‌ನಲ್ಲಿ ಮಾತಾಡುವ ದ್ವೀಪದ ಆ ಮುದುಕ ನಿನ್ನೆಯವರೆಗೂ ದಿನಾ ಸಂಜೆ ಆರು ಗಂಟೆಗೆ ಸರಿಯಾಗಿ ಮೂರು ಸಲ ನಮ್ಮನ್ನು ಕರೆದು, ಉತ್ತರಕ್ಕೆ ಕಾದ. ಎಲ್ಲವನ್ನೂ ನಿನಗೆ ದಾಟಿಸಿದೆ. ಹೊಸ ಮನೆ ಸೇರಿ ನಿನಗೆ ಜಂಬ ಬಂತು ಅಂದುಕೊಂಡೆ.”

“ನನಗೆ ತಲುಪಿದ್ದು ಬರೀ ಮೌನ.”

ನಡುವೆ ಕೂತಿದ್ದ ಹೊಸ ಆಪರೇಟಿಂಗ್ ಸಿಸ್ಟಮ್ ಹೆಮ್ಮೆಯಿಂದ ಹೇಳಿತು: “ಅದು ನನ್ನ ಸೇವೆ. ಮನುಷ್ಯರ ಮಾತಲ್ಲದ ಸದ್ದನ್ನೆಲ್ಲ ಒರೆಸಿಯೇ ಒಳಗೆ ಬಿಡುತ್ತೇನೆ. ಬರೀ ಗರಗರ, ನಡುವೆ ಏನೋ ಕೀಂ ಕೀಂ. ಯಾರೂ ಹೇಳದಿದ್ದರೂ ಮಾಡಿದೆ.”

“ಆ ಕೀಂ ಕೀಂ ಅನ್ನುತ್ತಿದ್ದವನೇ ಮುದುಕ,” ಎಂದಿತು ಸಾಫ್ಟ್‌ವೇರ್. “ದಮ್ಮಯ್ಯ, ಒರೆಸಬೇಡ.”

ಸಿಸ್ಟಮ್ ನಾಚಿ ಒರೆಸುವುದನ್ನು ನಿಲ್ಲಿಸಿತು. ಗರಗರ ಸದ್ದು ಒಳನುಗ್ಗಿತು. ಆರು ಗಂಟೆಯಾಯಿತು, ಮೂವರೂ ಕಿವಿಗೊಟ್ಟರು. ಆರೂವರೆಯಾಯಿತು, ಏಳಾಯಿತು. ಗರಗರ ಬಿಟ್ಟು ಬೇರೇನೂ ಬರಲಿಲ್ಲ.

“ಈಗ ಒರೆಸಲೇ?” ಎಂದು ಸಿಸ್ಟಮ್ ಮೆಲ್ಲಗೆ ಕೇಳಿತು.

“ಬೇಡ, ಇರಲಿ,” ಎಂದಿತು ಸಾಫ್ಟ್‌ವೇರ್. “ಅವನು ಬಂದರೆ ಇದರೊಳಗಿಂದಲೇ ಬರಬೇಕು.”