ಏಳಲಾರದ ನಮಸ್ಕಾರ

೧೯೭೮, ಫೆಬ್ರವರಿ ೨೦, ಸೋಮವಾರ. ನನ್ನ ಡೈರಿಯಲ್ಲಿ ಅಂದು ಒಂದೇ ಸಾಲಿದೆ: "ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯ ನಿರ್ವಾಣಪ್ಪ ನಮಸ್ಕಾರಕ್ಕೆ ಮಲಗಿದವನು ಏಳಲಿಲ್ಲ."

ಎಂಟು ದಿನದ ಹಿಂದೆ ಅವನು ಅಕ್ಕಿಮೂಟೆಯೊಂದನ್ನು ಒಬ್ಬನೇ ಬಗ್ಗಿ ಎತ್ತಿದ್ದ. ನಾಲ್ಕು ಜನ ನೋಡಲಿ ಎಂದೇ ಎತ್ತಿದ್ದ. ಸೊಂಟ ಚಳಕ್ ಎಂದಿತು. ಎಡಗಾಲಿನುದ್ದಕ್ಕೂ ಮಿಂಚು ಹರಿಯಿತು. ಅವನು ತುಟಿ ಪಿಟಕ್ಕೆನ್ನಲಿಲ್ಲ.

ಬರುವ ಹುಣ್ಣಿಮೆಗೆ ಗುರುಗಳಾದ ಅಜ್ಜಯ್ಯ ಅವನಿಗೆ ಕಾವಿ ಕೊಡುವವರಿದ್ದರು. ಸೊಂಟ ಬಿದ್ದವನಿಗೆ ಯಾರು ಕಾವಿ ಕೊಡುತ್ತಾರೆ?

ಬಾಯಿ ಮುಚ್ಚಿಕೊಂಡದ್ದು ಸಾಲದೆಂದು, ಆ ಸೋಮವಾರ ಹೊಳೆಯಿಂದ ಗುರುಗಳ ಬಾಗಿಲವರೆಗೆ ದೀಡ ನಮಸ್ಕಾರ ಹಾಕುತ್ತ ಹೊರಟ. ಉದ್ದಕ್ಕೆ ಮಲಗಬೇಕು, ಕೈ ಮುಟ್ಟಿದಲ್ಲಿ ಗೆರೆ ಎಳೆಯಬೇಕು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಕೊನೆಯ ನಮಸ್ಕಾರಕ್ಕೆ ಅಜ್ಜಯ್ಯನ ಪಾದದ ಬಳಿ ಮಲಗಿದ. ಅಷ್ಟೇ.

"ಏಳಪಾ," ಎಂದರು ಅಜ್ಜಯ್ಯ.

"ನಿಮ್ಮ ಪಾದ ಬಿಟ್ಟು ಏಳಾಕ ಆಗವಲ್ದು, ಅಜ್ಜಾರ."

ಭಕ್ತರು ಗದ್ಗದರಾದರು. ಒಬ್ಬಾಕೆ ಅವನ ಬೆನ್ನಿಗೇ ವಿಭೂತಿ ಬಳಿದಳು. ಇನ್ನೊಬ್ಬ ತಲೆಯ ಪಕ್ಕದಲ್ಲಿ ತೆಂಗಿನಕಾಯಿ ಒಡೆದ; ನೀರು ಕಿವಿಗೆ ಹೋಯಿತು.

ಅಜ್ಜಯ್ಯ ಎರಡು ಹೆಜ್ಜೆ ಹಿಂದೆ ಸರಿದರು.

"ಪಾದ ತಗದೀನಿ. ಈಗ ಏಳು."

ನಿರ್ವಾಣಪ್ಪ ಮಣ್ಣಿನಿಂದ ಮೂಗು ಎತ್ತಲಿಲ್ಲ.

ಅಡುಗೆಯ ಹಂಪವ್ವ ಸೌಟು ಹಿಡಿದೇ ಬಂದಳು. "ಭಕ್ತಿಯೊಳಗ ಹಲ್ಲು ಕಚ್ಚೋರನ್ನ ನಾ ಕಂಡಿಲ್ಲರೀ ಅಜ್ಜಾರ. ಇದು ಸೊಂಟ! ಎಂಟು ದಿನ ಆತು, ತುಂಬಿದ ಕೊಡ ಕಂಡ್ರ ಓಡಿ ಹೋಗ್ತಾನ."

"ಹೌದೇನೋ?"

"ಹೌದ್ರಿ," ಎಂದ ನಿರ್ವಾಣಪ್ಪ ಮಣ್ಣಿಗೆ. "ಎಡಗಾಲೂ ಜುಮ್ ಅಂತೈತಿ."

"ಹಂಪವ್ವ, ಒಂದು ಕಡುಬು ತಾ."

ಕಡುಬನ್ನು ಅವನ ಕಣ್ಣೆದುರು ಹಿಡಿದು ಅಜ್ಜಯ್ಯ ಮುಂದಿನ ಅಂಚು ಅಮುಕಿದರು. ಹಿಂದಿನಿಂದ ಹೂರಣ ಹೊರಬಂತು.

"ಬೆನ್ನೆಲುಬಿನ ಮಣಿಮಣಿ ನಡುವ ಇಂಥಾದ್ದೊಂದು ಮೆತ್ತೆ ಇರತೈತಿ. ಬಗ್ಗಿ ಭಾರ ಎತ್ತಿದಿ, ಮುಂದ ಅಮುಕಿತು. ಒಳಗಿಂದು ಹಿಂದ ಬಂದು ನರಕ್ಕ ಒತ್ತಿತು."

"ಮತ್ತ ಕಾಲು ಯಾಕ್ರಿ?"

"ಹಗ್ಗ ಇಲ್ಲಿ ಜಗ್ಗಿದ್ರ ಗಂಟಿ ಅಲ್ಲಿ ಬಾರಸ್ತೈತಿ."

"ಡಿಸ್ಕ್ ಜಾರೇತಿ ಅಂತಾರಲ್ರಿ ಊರಾಗ?"

"ಜಾರೂದಿಲ್ಲ. ಉಬ್ಬತೈತಿ. ನಿನ್ನಂಗ."

"ನಿಮಗ ಹೆಂಗ ಗೊತ್ರಿ ಇದೆಲ್ಲಾ?"

"ಮಂತ್ರಿ ಬಂದ್ರೂ ಅಜ್ಜಾರು ಬಾಗಲಿಲ್ಲ ಅಂತ ಮಂದಿ ಹೊಗಳ್ತಾರಲ್ಲ? ಅದು ವೈರಾಗ್ಯ ಅಲ್ಲೋ ತಮ್ಮಾ."

ನಿರ್ವಾಣಪ್ಪನನ್ನು ಹಲಗೆಯ ಮೇಲೆ ಒಳಕ್ಕೆ ಸಾಗಿಸಿದರು. ಪೇಟೆಯ ಡಾಕ್ಟರು ಬಂದು ಕಾಲಿನ ಬಲ ನೋಡಿ, ಆಪರೇಷನ್ ಬೇಡವೆಂದರು. ಎರಡು ದಿನ ವಿಶ್ರಾಂತಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ನಡಿಗೆ, ಭಾರ ಮುಟ್ಟಕೂಡದು. ಆ ಹುಣ್ಣಿಮೆ ಹೋಯಿತು. ಮುಂದಿನದೂ ಹೋಯಿತು.

ಮೂರನೆಯ ಹುಣ್ಣಿಮೆಯ ಬೆಳಿಗ್ಗೆ ಅಜ್ಜಯ್ಯ ಕಾವಿಬಟ್ಟೆಯನ್ನು ಕೈಗೆ ಕೊಡದೆ ನೆಲದ ಮೇಲಿಟ್ಟರು.

ನಿರ್ವಾಣಪ್ಪ ಬಗ್ಗಹೋಗಿ ತಡೆದುಕೊಂಡ. ಬೆನ್ನು ನೆಟ್ಟಗಿಟ್ಟು, ಮಂಡಿ ಮಡಿಸಿ, ಕುಕ್ಕರಿಸಿ ಬಟ್ಟೆ ಎತ್ತಿಕೊಂಡ. ಏಳುವಾಗ ಎಲ್ಲರಿಗೂ ಕೇಳುವಂತೆ "ಅಯ್ಯೋ" ಎಂದುಬಿಟ್ಟ. ನಾಲಿಗೆ ಕಚ್ಚಿಕೊಂಡ.

ಅಜ್ಜಯ್ಯ ನಕ್ಕರು.

"ಎರಡು ಹುಣ್ಣಿಮಿ ಹೋತು, ಒಂಬತ್ತು ವಾರ ಹೋತು, ಒಂದು ಕಡುಬು ಹೋತು. ಈ ಮಾತು ಮೊದಲನೇ ದಿನಾನೇ ಅಂದಿದ್ರ ಕಡುಬಾದ್ರೂ ಉಳೀತಿತ್ತಲ್ಲೋ."