ದವಡೆ ಕೊಟ್ಟ ಉತ್ತರ

ಇಟಲಿಯ ಒಂದು ವೈದ್ಯಶಾಲೆಯಲ್ಲಿ, ಪಾಠದ ಮೇಜಿನ ಮೇಲೆ ಸತ್ತ ಮನುಷ್ಯನೊಬ್ಬನ ಕೆಳದವಡೆಯನ್ನು ತಂದಿಟ್ಟಿದ್ದರು. ಸಾವಿರ ವರ್ಷಗಳಿಂದ ಎಲ್ಲರೂ ತಲೆಬಾಗುತ್ತ ಬಂದಿದ್ದ ಗ್ರೀಕ್ ವೈದ್ಯಗ್ರಂಥ ಎತ್ತರದ ಪೀಠದಲ್ಲಿ ಕೂತಿತ್ತು.

"ಕೆಳದವಡೆಯಲ್ಲಿ ಎಲುಬುಗಳು ಎರಡು," ಎಂದಿತು ಗ್ರಂಥ.

"ತಪ್ಪು ತಿಳಿಯಬೇಡಿ ಗುರುಗಳೇ, ನಾನಿರುವುದು ಒಂದೇ," ಎಂದಿತು ದವಡೆ. "ಗದ್ದದ ಹತ್ತಿರ ಮುಟ್ಟಿ ನೋಡಿ, ಎಲ್ಲೂ ಕೂಡಿಸಿದ ಗುರುತಿಲ್ಲ."

"ನನ್ನಲ್ಲಿರುವುದು ನಾಯಿಗಳನ್ನು ಕೊಯ್ದು, ಕಣ್ಣಾರೆ ಕಂಡು ಬರೆದದ್ದು!"

"ನಾನು ಮನುಷ್ಯನ ದವಡೆ."

"ಹಾಗಾದರೆ ತಪ್ಪು ಮನುಷ್ಯನದು."

ಪಕ್ಕದಲ್ಲಿದ್ದ ಗರಗಸ ಮೆಲ್ಲಗೆ ಅಂದಿತು, "ಸುಮ್ಮನಿರು ಮಾರಾಯ. ಹೋದ ವರ್ಷ ಒಂದು ಎದೆಯೆಲುಬು ಹೀಗೇ ವಾದಕ್ಕಿಳಿದಿತ್ತು. ಗ್ರಂಥದಲ್ಲಿ ಎದೆಯೆಲುಬಿಗೆ ಏಳು ತುಂಡು ಎಂದಿತ್ತು. ಈಗ ಅದು ಏಳು ಚೂರಾಗಿದೆ."

ದವಡೆಗೆ ನಡುಕ ಹುಟ್ಟಿತು. ಕಟಕಟ ಎನ್ನೋಣವೆಂದರೆ ಮೇಲಿನ ಹಲ್ಲುಗಳೇ ಇರಲಿಲ್ಲ.

ಅಷ್ಟರಲ್ಲಿ ಶಿಷ್ಯರು ಬಂದು ಕೂತರು. ಪಂಡಿತರು ಪೀಠವೇರಿ "ಎರಡು" ಎಂದು ಓದಿದರು. ಕೆಳಗೆ, ಕೊಯ್ಯುವ ಕೆಲಸದವನು ದವಡೆಯ ಉದ್ದಕ್ಕೂ ಬೆರಳಾಡಿಸಿದ. ಗದ್ದದ ಬಳಿ ಕೂಡಿಸಿದ ಗುರುತು ಸಿಗದೆ ಬೆರಳು ಗಕ್ಕನೆ ನಿಂತಿತು. ಇವನಿಗೆ ಗೊತ್ತಾಯಿತು, ಇವನಾದರೂ ಹೇಳುತ್ತಾನೆ ಎಂದು ದವಡೆಗೆ ಹೋದ ಜೀವ ಬಂದಂತಾಯಿತು. ಅವನು ತಲೆಯೆತ್ತಿ ಪೀಠದ ಕಡೆ ಒಮ್ಮೆ ನೋಡಿದ. ಆಮೇಲೆ ಗರಗಸವನ್ನು ಕೈಗೆತ್ತಿಕೊಂಡ.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಗ್ರಂಥ ಕೇಳಿತು, "ಈಗ ಹೇಳು, ನೀನು ಎಷ್ಟು?"

ತುಂಡುಗಳೆರಡೂ ಒಂದೇ ದನಿಯಲ್ಲಿ ಹೇಳಿದವು, "ಎರಡು, ಗುರುಗಳೇ."