ನಿಂಬೆಹಣ್ಣಿನ ಮುಂದೆ ನಿಂತ ಪಿಕಪ್ಪು

ಆಯುಧಪೂಜೆಯ ದಿನ ಶಾಮಿಯಾನಾ ಅಂಗಡಿಯ ಸಾಹುಕಾರ ವೀರಭದ್ರಪ್ಪನವರ ಹಳೇ ಪಿಕಪ್ಪು ಮದುಮಗನ ಹಾಗೆ ಸಿಂಗಾರಗೊಂಡಿತ್ತು. ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಾಯಿತು. ಓಣಿಗೆ ಓಣಿಯೇ ನೆರೆಯಿತು. ಡ್ರೈವರ್ ಮೌನೇಶ ಗಾಡಿ ಚಾಲೂ ಮಾಡಿದ. ಎಂಜಿನ್ನು ಒಮ್ಮೆ ಕಿರುಚಿ, ಎರಡು ಸಲ ಸೀನಿ, ಹಣ್ಣು ಮುಟ್ಟುವ ಮೊದಲೇ ಬಂದ್ ಆಯಿತು.

ಸಾಹುಕಾರರು ಕೆಂಡವಾದರು. "ನಿಂಬಿಹಣ್ಣು ಒಡೀದಿದ್ರ ಅಪಶಕುನ! ಈಗಿಂದೀಗ ಗಾಡಿ ಮುಂದ ಹೋಗಬೇಕು. ಆದ್ರ ಪೂಜಿಗಿಟ್ಟ ಸ್ಪ್ಯಾನರಿಗೆ ಕೈ ಹಚ್ಚಿದ್ಯೋ, ನಾಳಿಂದ ಕೆಲಸಕ್ಕ ಬರಬ್ಯಾಡ!"

ಸೀನು ಕೇಳಿದಾಗಲೇ ಮೌನೇಶನಿಗೆ ಗೊತ್ತಾಗಿತ್ತು, ಎಂಜಿನ್ನು ಎಲ್ಲೋ ಕಳ್ಳತನದಲ್ಲಿ ಗಾಳಿ ಕುಡಿಯುತ್ತಿದೆ, ಪೆಟ್ರೋಲು ಸಾಲುತ್ತಿಲ್ಲ ಅಂತ. ಬಾನೆಟ್ ಎತ್ತಿ, ಪೆಟ್ರೋಲು ಸೋರಿಲ್ಲವೆಂದು ಮೂಸಿ ಖಾತ್ರಿ ಮಾಡಿಕೊಂಡ. ಆಮೇಲೆ ಸಾಹುಕಾರರನ್ನೇ ಸೀಟಿಗೆ ಕೂರಿಸಿದ. "ಚಾಲೂ ಮಾಡಿ ಆಕ್ಸಿಲೇಟರ್ ತುಳೀತಿರ್ರಿ."

ಪೂಜೆಯ ಊದಿನಕಡ್ಡಿ ಹಿಡಿದು ರಬ್ಬರ್ ಪೈಪುಗಳ ಪಕ್ಕ ನಿಧಾನ ಸರಿಸಿದ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಪೈಪಿನ ಹತ್ತಿರ ಬಾಗಿ ಸುಯ್ಯನೆ ಒಳಗೆ ಹೋಯಿತು. ಅಲ್ಲಿ ಕೂದಲೆಳೆಯಷ್ಟು ಸೀಳು! ಎಂಜಿನ್ ನಿಲ್ಲಿಸಿ, ಸಿಂಗಾರದ ಬಲೂನೊಂದನ್ನು ಒಡೆದು ಆ ಸೀಳಿಗೆ ಬಿಗಿಯಾಗಿ ಸುತ್ತಿದ. ಚೆಂಡುಹೂವಿನ ಹಾರದ ದಾರದಿಂದ ಕಟ್ಟಿದ. ಬಾನೆಟ್ ಮುಚ್ಚಿ, ಗಾಡಿ ಮುಂದೆ ಬಿಡಲು ಸಾಹುಕಾರರಿಗೆ ಕೈಸನ್ನೆ ಮಾಡಿದ.

ಈ ಸಲ ಎಂಜಿನ್ನು ಸೀನಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಓಣಿಯವರು ಚಪ್ಪಾಳೆ ಹೊಡೆದರು.

ಸಾಹುಕಾರರು ಇಳಿದವರೇ ಸ್ಪ್ಯಾನರುಗಳ ಕಡೆ ಓಡಿದರು. ಒಂದರ ಕುಂಕುಮವೂ ಅಳಿಸಿರಲಿಲ್ಲ.

"ಏನ್ ಮಾಡಿದ್ಯೋ ಮಾರಾಯ?"

"ಏನಿಲ್ರಿ ಸಾಹುಕಾರ್ರ. ನಿಮ್ಮ ಪೂಜಿ ಬಾನೆಟ್ ಮ್ಯಾಲೇ ನಿಂತಿತ್ತು. ನಾ ಅದನ್ನ ಸ್ವಲ್ಪ ಒಳಗ ಒಯ್ದೆ."